ಒಂದು ಕೊಡ ನೀರಿನ ಬೆಲೆ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ "ಹಳ್ಳಿಗಳ ಏಳಿಗೆಗೆ ಮೊಟ್ಟಮೊದಲು ಬೇಕಾದುದು ರಸ್ತೆ" ಎಂಬ ವಿಷಯವನ್ನಿಟ್ಟಿದ್ದರು. ನಾನು ವಿಷಯದ ಪರವಾಗಿ ಮಾತನಾಡಿದೆ. ರಸ್ತೆಯಾದರೆ ಬಸ್ಸು ಬರುತ್ತದೆ, ಬಸ್ಸು ಬಂದರೆ ಮಾಸ್ತರರು ಬರುತ್ತಾರೆ, ಡಾಕ್ಟರರು ಬರುತ್ತಾರೆ, ತೊಗರಿ ಪೇಟೆಗೆ ಹೋಗುತ್ತದೆ, ಪೇಟೆಯ ದುಡ್ಡು ಹಳ್ಳಿಗೆ ಬರುತ್ತದೆ ಎಂದು ಆವೇಶದಿಂದ ವಾದಿಸಿದೆ. ಗೆಳೆಯರು ಚಪ್ಪಾಳೆ ತಟ್ಟಿದರು. ನನಗೆ ಎರಡನೆಯ ಬಹುಮಾನವೂ ಬಂದಿತು.

ಬೇಸಿಗೆಯ ರಜೆಗೆ ಊರಿಗೆ ಹೋದಾಗ ಪ್ರಶಸ್ತಿಪತ್ರವನ್ನು ಅಕ್ಕನಿಗೆ ತೋರಿಸಿದೆ. ಅವಳಿಗೆ ನಿಧಾನವಾಗಿ ಓದಲು ಬರುತ್ತದೆ. ಅಕ್ಷರ ಕೂಡಿಸಿ ನನ್ನ ಹೆಸರನ್ನು ಓದಿ ಸಂತೋಷಪಟ್ಟಳು. ಏನು ಮಾತಾಡಿದೆಯೋ ಅಷ್ಟನ್ನೂ ಹೇಳೆಂದಳು. ಹೇಳಿದೆ. ಎಲ್ಲವನ್ನೂ ಕೇಳಿ, ಕೊಡಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಲೇ, "ರಸ್ತಾ ಆತಂದ್ರ ಅದರ ಮ್ಯಾಲಿಂದ ನೀರು ತಾನೇ ನಡಕೊಂಡು ಬರ್ತದೇನೋ ತಮ್ಮಾ?" ಎಂದಳು. ಅವಳು ಹಾಸ್ಯಕ್ಕೆಂದು ಆಡಿದ ಮಾತಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಮೂವರು ತೀರ್ಪುಗಾರರ ಮುಂದೆ ತಡವರಿಸದ ನಾನು ಅವಳ ಮುಂದೆ ತಡವರಿಸಿದೆ.

ಬಹುಮಾನವನ್ನು ಹಿಂದಿರುಗಿಸುವ ಪದ್ಧತಿ ನಮ್ಮ ಕಾಲೇಜಿನಲ್ಲಿಲ್ಲ. ಆದುದರಿಂದ ನನ್ನ ಮಾತನ್ನಾದರೂ ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಸಹಪಾಠಿಗಳೂ ಗುರುಗಳೂ ಇದನ್ನು ಪರೀಕ್ಷೆಯ ಉತ್ತರವೆಂದಲ್ಲ, ಊರಿನಿಂದ ಬಂದ ಒಂದು ಕಾಗದವೆಂದು ಓದಬೇಕಾಗಿ ಕೋರುತ್ತೇನೆ.

ನಮ್ಮ ಊರಿರುವುದು ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಗುಡ್ಡಗಳ ಸೀಮೆಯಲ್ಲಿ, ತೆಲಂಗಾಣದ ಗಡಿಗೆ ಹತ್ತಿಕೊಂಡು. ಕನ್ನಡ, ತೆಲುಗು, ಲಂಬಾಣಿ, ಉರ್ದು ನಾಲ್ಕೂ ಭಾಷೆ ಒಂದೇ ಸಂತೆಯಲ್ಲಿ ಕೇಳಬರುವ ಸೀಮೆ ಇದು. ಕಲಬುರಗಿ ಜಿಲ್ಲೆಯೆಂದರೆ ಬಿಸಿಲು, ಕರಿಮಣ್ಣು, ಬಯಲು ಎಂದು ತಿಳಿದವರು ಇಲ್ಲಿಗೆ ಬಂದರೆ ಬೆರಗಾಗುತ್ತಾರೆ. ಇಲ್ಲಿ ಕಾಡಿದೆ. ೨೦೧೧ರಲ್ಲಿ ಸುಮಾರು ೧೩೪ ಚದರ ಕಿಲೋಮೀಟರು ಕಾಡನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಸರಕಾರ ಘೋಷಿಸಿತು. ಅದರೊಳಗೆ ಚಂದ್ರಂಪಳ್ಳಿಯ ಜಲಾಶಯವಿದೆ. ಮಳೆಗಾಲದಲ್ಲಿ ಎತ್ತಿಪೋತದ ಜಲಪಾತವನ್ನು ನೋಡಲು ಕಲಬುರಗಿಯಿಂದಲೂ ಹೈದರಾಬಾದಿನಿಂದಲೂ ಜನ ಬಂದು ನೀರಿನ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಜಿಲ್ಲೆಯ ಉಳಿದ ತಾಲ್ಲೂಕುಗಳಿಗಿಂತ ನಮ್ಮ ಚಿಂಚೋಳಿಯಲ್ಲಿ ಮಳೆಯೂ ಹೆಚ್ಚು. ಇಷ್ಟೆಲ್ಲ ಇದ್ದೂ ಏಪ್ರಿಲ್ ಬಂತೆಂದರೆ ಗುಡ್ಡದ ಮೇಲಿನ ಊರು-ತಾಂಡಾಗಳ ಹೆಂಗಸರು ಕೊಡ ಹೊತ್ತು ತಗ್ಗಿಗೆ ಇಳಿಯುತ್ತಾರೆ.

ಇದರ ಕಾರಣ ನೆಲದಲ್ಲಿದೆ. ಮೇಲೆ ಕೆಂಪು ಮುರ್ರಂ, ಕೆಳಗೆ ಕರಿಗಲ್ಲು. ಮುರ್ರಂ ಮಳೆಯ ನೀರನ್ನು ಹೀರಿ ಕೆಳಕ್ಕೆ ಬಿಡುತ್ತದೆ. ಕರಿಗಲ್ಲು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀರು ಇವೆರಡರ ನಡುವೆ ಜಾರಿ ಗುಡ್ಡದ ಬುಡದಲ್ಲಿ ವರತಿಯಾಗಿ ಹೊರಡುತ್ತದೆ. ಬೀದರಿನಲ್ಲಿ ಹದಿನೈದನೆಯ ಶತಮಾನದ ಬಹಮನಿ ಸುಲ್ತಾನರ ಕಾಲದವರು ಈ ಗುಟ್ಟನ್ನು ಅರಿತಿದ್ದರು. ನೌಬಾದಿನ ಬಳಿ ನೆಲದೊಳಗೆ ಸುರಂಗ ತೋಡಿ, ಜಂಬಿಟ್ಟಿಗೆಯಿಂದ ಜಿನುಗುವ ನೀರನ್ನು ಒಂದೆಡೆ ಹರಿಸಿ ತಂದರು. ಆ ಸುರಂಗ ಬಾವಿಯನ್ನು ಇಂದಿಗೂ ಕಾಣಬಹುದು. ಅವರು ನೀರನ್ನು ಜನರ ಕಡೆಗೆ ನಡೆಸಿದರು. ನಾವು ಇನ್ನೂ ಜನರನ್ನು ನೀರಿನ ಕಡೆಗೆ ನಡೆಸುತ್ತಿದ್ದೇವೆ.

ಅಕ್ಕನ ಪ್ರಶ್ನೆಗೆ ಉತ್ತರ ಹೊಳೆಯದೆ, ನಾನು ಮರುದಿನ ಒಂದು ಕೆಲಸ ಮಾಡಿದೆ. ಗಡಿಯಾರವನ್ನೂ ಒಂದು ನೋಟುಬುಕ್ಕನ್ನೂ ಹಿಡಿದು ಮನೆಯ ಕಟ್ಟೆಯ ಮೇಲೆ ಕುಳಿತೆ. ಅಕ್ಕನನ್ನು ನಮ್ಮೂರಲ್ಲೇ ಸೋದರಮಾವನ ಮನೆಗೆ ಕೊಟ್ಟಿದೆ. ಅವಳ ಬಾಗಿಲು ನಮ್ಮ ಕಟ್ಟೆಗೆ ಕಾಣುತ್ತದೆ. ಅವಳು ಕೊಡ ತೆಗೆದುಕೊಂಡು ಹೊರಟಾಗೊಮ್ಮೆ, ತಿರುಗಿ ಬಂದು ಇಳಿಸಿದಾಗೊಮ್ಮೆ ಹೊತ್ತು ಬರೆದುಕೊಂಡೆ. ಬೆಳಿಗ್ಗೆ ನಾಲ್ಕು ಸಲ, ಸಂಜೆ ಮೂರು ಸಲ, ಒಟ್ಟು ಏಳು. ಇಳಿಯುವುದು, ಸರದಿಗೆ ಕಾಯುವುದು, ಸೇದುವುದು, ಏರುವುದು ಎಲ್ಲ ಸೇರಿ ಸಲಕ್ಕೆ ಸರಾಸರಿ ೨೬ ನಿಮಿಷ. ದಿನಕ್ಕೆ ಮೂರು ಗಂಟೆ. ಕೊಡವನ್ನು ಅಳೆದು ನೋಡಿದೆ, ೧೫ ಲೀಟರು ಹಿಡಿಯುತ್ತದೆ. ಏಳು ಕೊಡಕ್ಕೆ ೧೦೫ ಲೀಟರು, ಎಂದರೆ ೧೦೫ ಕಿಲೋ ಭಾರ. ಮನೆಯಲ್ಲಿ ಆರು ಜನ. ತಲೆಗೆ ಹದಿನೇಳೂವರೆ ಲೀಟರು. ಕುಡಿಯಲು, ಅಡಿಗೆಗೆ, ಮುಸುರೆಗೆ, ಮೈಗೆ, ಬಟ್ಟೆಗೆ ಎಲ್ಲಕ್ಕೂ ಇಷ್ಟೇ. ಹಳ್ಳಿಯ ಮನುಷ್ಯನೊಬ್ಬನಿಗೆ ದಿನಕ್ಕೆ ೫೫ ಲೀಟರು ಬೇಕೆಂದು ಸರಕಾರದ ಯೋಜನೆಯೇ ಗೊತ್ತುಮಾಡಿದೆ. ಆ ಲೆಕ್ಕದಲ್ಲಿ ಅಕ್ಕನ ಮನೆಗೆ ೩೩೦ ಲೀಟರು ಬೇಕು, ಇಪ್ಪತ್ತೆರಡು ಕೊಡ. ಅಷ್ಟನ್ನೂ ಅವಳೇ ತರಬೇಕೆಂದರೆ ಒಂಬತ್ತೂವರೆ ಗಂಟೆ ಹಿಡಿಯುತ್ತದೆ. ಸರಕಾರ ಹೇಳಿದಷ್ಟು ನೀರು ಬಳಸಬೇಕಾದರೆ ಅವಳು ಅಡಿಗೆಯನ್ನೂ ಕೂಲಿಯನ್ನೂ ಬಿಟ್ಟು ನೀರನ್ನೇ ತರುತ್ತಿರಬೇಕು!

ಇನ್ನೊಂದು ಲೆಕ್ಕವನ್ನೂ ಮಾಡಿದೆ. ಅದನ್ನು ಮಾಡದೆ ಇದ್ದಿದ್ದರೆ ಚೆನ್ನಾಗಿತ್ತೆಂದು ಆಮೇಲೆ ಅನ್ನಿಸಿತು. ನಾನು ಎಣಿಸಿದ್ದು ಮೇ ತಿಂಗಳಿನಲ್ಲಿ. ಮಳೆಗಾಲದಲ್ಲಿ ಕಾಯುವ ಹೊತ್ತು ಕಡಿಮೆಯೆಂದು ವರ್ಷದ ಸರಾಸರಿಯನ್ನು ದಿನಕ್ಕೆ ಎರಡೂ ಮುಕ್ಕಾಲು ಗಂಟೆಗೆ ಇಳಿಸಿದೆ. ಆದರೂ ವರ್ಷಕ್ಕೆ ಸಾವಿರ ಗಂಟೆ ದಾಟಿತು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ ಎಷ್ಟು ಗಂಟೆ ಪಾಠ ನಡೆಯಬೇಕೆಂದು ಬರೆದಿದ್ದಾರೆ. ಅದೂ ಸಾವಿರ ಗಂಟೆಯೇ. ನಮ್ಮ ಅಕ್ಕ ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟಳು. ಅವ್ವನಿಗೆ ಸೊಂಟ ಹಿಡಿದು ಭಾರ ಎತ್ತಲಾಗದಿದ್ದ ವರ್ಷ ಅದು. ನಾನು ಒಂದನೆಯ ತರಗತಿಗೆ ಸೇರಿದ ವರ್ಷವೂ ಅದೇ.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಹತ್ತನೆಯ ತರಗತಿಯವರೆಗೆ ನಾನು ಒಂದು ದಿನವೂ ತಪ್ಪದೆ ಶಾಲೆಗೆ ಹೋದವನೆಂದು ಮಾಸ್ತರರು ಹೊಗಳುತ್ತಿದ್ದರು. ನಾನೂ ಅದನ್ನು ನನ್ನ ಗುಣವೆಂದೇ ತಿಳಿದಿದ್ದೆ. ಬೆಳಿಗ್ಗೆ ಮುಖ ತೊಳೆಯಲು ಹಂಡೆಯಲ್ಲಿ ನೀರಿರುತ್ತಿತ್ತು. ಒಗೆದ ಅಂಗಿ ಗೂಟಕ್ಕಿರುತ್ತಿತ್ತು. ಹಂಡೆಯೊಳಗೆ ಆ ನೀರು ಹೇಗೆ ಬಂತೆಂದು ಹದಿನೈದು ವರ್ಷ ಯೋಚಿಸಲಿಲ್ಲ. ನನ್ನ ಹಾಜರಿಯ ಪುಸ್ತಕದಲ್ಲಿ ಬಿದ್ದ ಗುರುತುಗಳಿಗೆಲ್ಲ ಅವಳ ತಲೆಯ ಸಿಂಬೆಯೇ ಆಧಾರವಾಗಿತ್ತು. ಈ ಮಾತು ನನ್ನೊಬ್ಬನದೇ ಎಂದು ತಿಳಿಯಬಾರದು. ಈ ಪತ್ರಿಕೆಯನ್ನು ಓದುತ್ತಿರುವ ಹಳ್ಳಿಯ ಹುಡುಗರು ತಮ್ಮ ತಮ್ಮ ಮನೆಯ ಹಂಡೆಯನ್ನು ಒಮ್ಮೆ ನೆನೆದುಕೊಳ್ಳಲಿ.

ಇದು ಕುಂಚಾವರಂ ಗುಡ್ಡಗಳಿಗೇ ವಿಶೇಷವಾದ ಕಷ್ಟವೂ ಅಲ್ಲ. ಲೋಕದಲ್ಲೆಲ್ಲ ಹೆಂಗಸರು ಮತ್ತು ಹುಡುಗಿಯರು ನೀರು ತರಲು ದಿನವೊಂದಕ್ಕೆ ೨೦ ಕೋಟಿ ಗಂಟೆಗಳನ್ನು ಕಳೆಯುತ್ತಾರೆಂದು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ೨೦೧೬ರಲ್ಲಿ ಅಂದಾಜು ಮಾಡಿ ತಿಳಿಸಿತು. ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ೨೪ ದೇಶಗಳಲ್ಲಿ ಮಾತ್ರವೇ ಸುಮಾರು ೩೩ ಲಕ್ಷ ಮಕ್ಕಳೂ ೧ ಕೋಟಿ ೩೫ ಲಕ್ಷ ಹೆಂಗಸರೂ ಒಂದೊಂದು ಸಲಕ್ಕೆ ಅರ್ಧ ಗಂಟೆಗೂ ಮಿಕ್ಕಿ ನಡೆದು ನೀರು ತರುತ್ತಾರೆಂದು ಎಣಿಕೆಯಾಗಿದೆ. ಇಥಿಯೋಪಿಯಾದ ಹುಡುಗಿ ಹಳದಿಯ ಪ್ಲಾಸ್ಟಿಕ್ ಡಬ್ಬವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾಳೆ, ನಮ್ಮ ಹುಡುಗಿ ಕೊಡವನ್ನು ತಲೆಯ ಮೇಲಿಡುತ್ತಾಳೆ. ವ್ಯತ್ಯಾಸ ಇಷ್ಟೇ.

ನೀರು ಬದಲಾದರೆ ಬಾಳು ಎಷ್ಟು ಬದಲಾಗುತ್ತದೆಂಬುದನ್ನು ನನಗೆ ತಿಳಿಸಿದವಳು ನಮ್ಮ ಆಯಿ. ನಮ್ಮ ಮುತ್ಯಾನಿಗೆ ಹರೆಯದಲ್ಲಿ ಕಾಲಿಗೆ ನಾರುಹುಣ್ಣು ಎದ್ದಿತ್ತಂತೆ. ಈಗಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. ಕಣಕಾಲಿನ ಮೇಲೆ ಬೊಬ್ಬೆ ಎದ್ದು, ಒಡೆದು, ಅದರೊಳಗಿನಿಂದ ಬಿಳಿಯ ದಾರದಂಥ ಹುಳು ತಲೆ ಹಾಕುತ್ತದೆ. ಅದನ್ನು ಎಳೆದರೆ ಹರಿದು ಕಾಲು ಕೊಳೆಯುತ್ತದೆ. ಆದುದರಿಂದ ಒಂದು ಕಡ್ಡಿಗೆ ಸುತ್ತಿ ದಿನಕ್ಕೊಂದು ಬೆರಳಷ್ಟು ಹೊರಕ್ಕೆ ತೆಗೆಯಬೇಕು. ಹುಳು ಒಂದು ಮೀಟರಿನವರೆಗೂ ಉದ್ದವಿರುತ್ತದೆ. ಮಳೆಗೆ ಮುಂಚೆ ಹೊಲ ಹದಮಾಡುವ ಹೊತ್ತಿಗೆ ಸರಿಯಾಗಿ ಮುತ್ಯಾ ಎರಡು ತಿಂಗಳು ಹೊರಸಿನ ಮೇಲಿದ್ದ. ಆ ವರ್ಷ ಹೊಲ ಬೀಳುಬಿತ್ತು, ಸಾಲವಾಯಿತು. "ಹುಳ ಒಂದ್ ಮಾರು, ಸಾಲ ಹತ್ತ್ ವರ್ಷ" ಎಂದು ಆಯಿ ಈಗಲೂ ಅನ್ನುತ್ತಾಳೆ.

ಆ ಹುಳು ಬರುತ್ತಿದ್ದುದು ಮೆಟ್ಟಿಲು ಬಾವಿಯಿಂದ. ರೋಗಿ ಉರಿ ತಾಳಲಾರದೆ ಬಾವಿಗಿಳಿದು ನೀರಿನಲ್ಲಿ ಕಾಲಿಟ್ಟರೆ ಹುಳು ಅಲ್ಲಿ ತನ್ನ ಮರಿಗಳನ್ನು ಬಿಡುತ್ತಿತ್ತು. ಕಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಸಣ್ಣ ನೀರ್ಗೀಟಗಳು ಆ ಮರಿಗಳನ್ನು ನುಂಗುತ್ತಿದ್ದವು. ಆ ನೀರನ್ನು ಕುಡಿದವನ ಮೈಯಲ್ಲಿ ವರುಷದ ಬಳಿಕ ಹುಳು ಏಳುತ್ತಿತ್ತು. ಇದಕ್ಕೆ ಮದ್ದಿಲ್ಲ, ಲಸಿಕೆಯಿಲ್ಲ. ಆದರೂ ಇಂದು ಭಾರತದಲ್ಲಿ ನಾರುಹುಣ್ಣು ಇಲ್ಲ. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಈ ರೋಗ ನೆಲೆಸಿತ್ತು. ೧೯೮೩-೮೪ರಲ್ಲಿ ಇದರ ನಿರ್ಮೂಲನ ಕಾರ್ಯ ಆರಂಭವಾಯಿತು. ಮೆಟ್ಟಿಲು ಬಾವಿಗಳನ್ನು ಮುಚ್ಚಿ ಸೇದುಬಾವಿಗಳನ್ನು ಮಾಡಿದರು, ಬೋರಿಂಗು ಹಾಕಿದರು, ದಟ್ಟ ಬಟ್ಟೆಯಲ್ಲಿ ನೀರು ಸೋಸಲು ಮನೆಮನೆಗೆ ಹೇಳಿಕೊಟ್ಟರು. ದೇಶದ ಕಟ್ಟಕಡೆಯ ರೋಗಿ ೧೯೯೬ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದ. ೨೦೦೦ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಇದರಿಂದ ಮುಕ್ತವೆಂದು ಸಾರಿತು. ಆಫ್ರಿಕಾದಲ್ಲಿಯೂ ಅದೇ ದಾರಿ ಹಿಡಿದರು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರರ ಸಂಸ್ಥೆ ೧೯೮೬ರಲ್ಲಿ ಈ ಕೆಲಸಕ್ಕೆ ಕೈಹಾಕಿದಾಗ ಆಫ್ರಿಕಾ ಏಷ್ಯಾಗಳಲ್ಲಿ ವರ್ಷಕ್ಕೆ ಸುಮಾರು ೩೫ ಲಕ್ಷ ಜನರಿಗೆ ಈ ರೋಗವಿತ್ತು. ೨೦೨೩ರಲ್ಲಿ ಲೋಕಕ್ಕೆಲ್ಲ ಹದಿನಾಲ್ಕು ಮಂದಿ. ಒಂದು ಗುಳಿಗೆಯ ಸಹಾಯವೂ ಇಲ್ಲದೆ ಒಂದು ರೋಗವನ್ನು ನೀರಿನ ಶುದ್ಧಿಯಿಂದಲೇ ಓಡಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇದಕ್ಕೆ ನನ್ನ ಕೆಲವು ಮಿತ್ರರು ಎತ್ತುವ ಆಕ್ಷೇಪಗಳನ್ನು ಮರೆತಿಲ್ಲ. ಸಾಹಿತ್ಯದ ಅಭಿಮಾನಿಯಾದ ಗೆಳೆಯನೊಬ್ಬ, "ಬಾವಿಕಟ್ಟೆಯೆಂದರೆ ಹೆಂಗಸರ ಪಾಲಿಗೆ ಕ್ಲಬ್ಬು ಇದ್ದಂತೆ, ನಳ ಬಂದರೆ ಆ ನಗು, ಆ ಹಾಡು ಎಲ್ಲ ಹೋದಾವು" ಎಂದ. ಈ ಮಾತನ್ನು ಆಯಿಗೆ ಮುಟ್ಟಿಸಿದೆ. "ಮಾತಾಡ್ಲಿಕ್ಕೆ ಕೊಡ ಯಾಕ್ ಬೇಕೋ? ಖಾಲಿ ಕೈಲೆ ಕುಂತು ಮಾತಾಡಿದ್ರ ಬಾಯಿ ನೋಯ್ತದೇನು?" ಎಂದು ಆಯಿ ಕೇಳಿದಳು. ಕೊಡ ಹೊತ್ತ ಚೆಲುವೆಯರ ವರ್ಣನೆಯನ್ನು ಬರೆದವರಾರೂ ಕೊಡ ಹೊತ್ತವರಲ್ಲವೆಂದು ಅಂದಿನಿಂದ ನನಗೂ ಅನುಮಾನ.

ಇನ್ನೊಬ್ಬ ಮಿತ್ರ ಸೇಡಂ ಕಡೆಯವನು. "ನಿಮಗೆ ನೀರು ದೂರ, ನಮಗೆ ಹತ್ತಿರದ ನೀರೇ ಶತ್ರು" ಎನ್ನುತ್ತಾನೆ. ಅವನ ಮಾತು ನಿಜ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ನೆಲವೆಲ್ಲ ಸುಣ್ಣಕಲ್ಲು. ಅದರಿಂದ ಸಿಮೆಂಟಾಗುತ್ತದೆ, ಹಾಸುಗಲ್ಲಾಗುತ್ತದೆ. ಆದರೆ ಅದರೊಳಗಿನಿಂದ ಬಂದ ನೀರು ಗಡಸು. ತೊಗರಿಯ ನಾಡಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ! ಸೌದೆಯೂ ಗ್ಯಾಸೂ ಉರಿದು ಹೋಗುತ್ತವೆ, ಬೇಳೆ ಕಾಳುಕಾಳಾಗಿಯೇ ಇರುತ್ತದೆ. ಆದುದರಿಂದ ನೀರು ಹತ್ತಿರವಿದ್ದರೆ ಸಾಲದು, ಒಳ್ಳೆಯದಿರಬೇಕು. ಒಳ್ಳೆಯದೋ ಅಲ್ಲವೋ ಎಂಬುದನ್ನು ಕಣ್ಣೂ ನಾಲಗೆಯೂ ಯಾವಾಗಲೂ ಹೇಳಲಾರವು. ಪಕ್ಕದ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ತಿಳಿಯಾದ ನೀರನ್ನೇ ಕುಡಿಯುತ್ತಿದ್ದರು. ಆ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣವಿದ್ದುದು ಪರೀಕ್ಷೆ ಮಾಡಿದ ಮೇಲೆಯೇ ಬೆಳಕಿಗೆ ಬಂದಿತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಲೀಟರಿಗೆ ಒಂದು ಮಿಲಿಗ್ರಾಮಿನ ನೂರರಲ್ಲೊಂದು ಪಾಲು ಮೀರಿದರೆ ಕುಡಿಯಲು ಯೋಗ್ಯವಲ್ಲವೆಂದು ನಿಯಮವಿದೆ. ಇದನ್ನು ಯಾವ ಅಜ್ಜಿಯ ಅನುಭವದಿಂದ ತಿಳಿಯೋಣ?

ಬಾವಿಯ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಬಿಡಲಾಗದು. ನೀರಿಗೆ ದೂರವೊಂದೇ ಅಡ್ಡಿಯಲ್ಲ, ಜಾತಿಯೂ ಅಡ್ಡಿ. ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡಿನ ಚವದಾರ್ ಕೆರೆಗೆ ನಡೆದು ಹೋಗಿ ಒಂದು ಬೊಗಸೆ ನೀರು ಕುಡಿದರು. ಮನುಷ್ಯ ನೀರು ಕುಡಿದದ್ದೇ ಇತಿಹಾಸವಾಗಬೇಕಾದ ದೇಶ ನಮ್ಮದು. ಊರ ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹೊಯ್ಯಲೆಂದು ಕಾಯ್ದವರು ಇನ್ನೂ ನಮ್ಮ ನಡುವೆ ಬದುಕಿದ್ದಾರೆ. ಪ್ರತಿ ಮನೆಯ ಬಾಗಿಲಿಗೂ ನಳ ಬಂದರೆ ಯಾರೂ ಯಾರ ಕೊಡಕ್ಕೂ ಕಾಯಬೇಕಿಲ್ಲ. ಆದರೆ ಕೊಳವೆ ಊರ ನಡುವಿನಲ್ಲೇ ನಿಂತು ಕೇರಿಗೂ ತಾಂಡಾಕ್ಕೂ "ಮುಂದಿನ ಹಂತ" ಎಂದರೆ, ಹಳೆಯ ಬಾವಿಕಟ್ಟೆಯ ಕಟ್ಟಳೆಯೇ ಪ್ಲಾಸ್ಟಿಕ್ ಕೊಳವೆಯಲ್ಲಿ ಮುಂದುವರಿದಂತಾಯಿತು.

ಈಗ ನಳದ ಮಾತು. ೨೦೧೯ರ ಆಗಸ್ಟ್ ೧೫ರಂದು ಜಲ ಜೀವನ ಮಿಷನ್ ಎಂಬ ಯೋಜನೆಯನ್ನು ಕೇಂದ್ರ ಸರಕಾರ ಸಾರಿತು. ಆಗ ದೇಶದ ಹಳ್ಳಿಗಳಲ್ಲಿ ನಳವಿದ್ದ ಮನೆಗಳು ೩ ಕೋಟಿ ೨೩ ಲಕ್ಷ, ನೂರಕ್ಕೆ ಹದಿನೇಳು. ೨೦೨೫ರ ಫೆಬ್ರುವರಿಯ ಹೊತ್ತಿಗೆ ೧೫ ಕೋಟಿ, ನೂರಕ್ಕೆ ಎಂಬತ್ತು ಎಂದು ಲೆಕ್ಕ ಕೊಟ್ಟು, ಯೋಜನೆಯ ಅವಧಿಯನ್ನು ೨೦೨೮ರವರೆಗೆ ಬೆಳೆಸಿದರು. ನಮ್ಮ ರಾಜ್ಯದಲ್ಲಿ ಇದಕ್ಕೆ "ಮನೆ ಮನೆಗೆ ಗಂಗೆ" ಎಂದು ಹೆಸರು. ಇದು ಸಣ್ಣ ಸಾಧನೆಯಲ್ಲ. ಇದನ್ನು ಹಗುರಾಗಿ ಮಾತನಾಡುವವರು ಒಂದು ದಿನ ಕೊಡ ಹೊತ್ತು ನೋಡಲಿ. ನಮ್ಮ ಊರಿಗೂ ಗಂಗೆ ಬಂದಳು. ನಳ ತಿರುಗಿಸಿದ ಮೊದಲ ದಿನ ಆಯಿ ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಳು. ನಾಲ್ಕೈದು ತಿಂಗಳು ಅಕ್ಕ ತಗ್ಗಿಗೆ ಇಳಿಯಲಿಲ್ಲ. ಆ ದಿನಗಳಲ್ಲಿ ಅವಳು ಹೊಲಿಗೆ ಯಂತ್ರ ಕಲಿತು ನೆರೆಮನೆಯವರ ಕುಪ್ಪಸ ಹೊಲಿಯತೊಡಗಿದಳು, ಸಂಜೆ ಮಗಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ಆಮೇಲೆ ಮೋಟಾರು ಸುಟ್ಟಿತು. ಅದನ್ನು ಕಟ್ಟಿಸಿ ತರುವ ಹೊತ್ತಿಗೆ ಬೇಸಿಗೆ ಬಂದು ಕೊಳವೆಬಾವಿಯ ನೀರೇ ಇಳಿದಿತ್ತು. ಈಗ ನಳದ ಕಂಬಕ್ಕೂ ಬೇಲಿಯ ಗೂಟಕ್ಕೂ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅಕ್ಕನ ಮನೆ ನಳವಿರುವ ಮನೆಯೇ.

ಇದರಲ್ಲಿ ಒಬ್ಬರನ್ನು ಹಿಡಿದು ದೂರಲು ನಾನು ಬರೆಯುತ್ತಿಲ್ಲ. ಹೀಗಾಗುವುದು ನಮ್ಮಲ್ಲಿ ಮಾತ್ರವೂ ಅಲ್ಲ. ೧೯೭೦ರ ದಶಕದಲ್ಲಿ ನಮ್ಮ ನೆರೆಯ ಸೊಲ್ಲಾಪುರದಲ್ಲಿ ತಯಾರಾಗುತ್ತಿದ್ದ ಗಟ್ಟಿಮುಟ್ಟಾದ ಕೈಪಂಪಿನ ಮಾದರಿಯಿಂದ ಇಂಡಿಯಾ ಮಾರ್ಕ್ ೨ ಎಂಬ ಬೋರಿಂಗು ಹುಟ್ಟಿತು. ಅದು ಯುನಿಸೆಫಿನ ನೆರವಿನಿಂದ ಭಾರತದ ಹಳ್ಳಿಗಳಿಗೆಲ್ಲ ಹೋಯಿತು, ಅಲ್ಲಿಂದ ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ಆದರೆ ಆಫ್ರಿಕಾದಲ್ಲಿ ಹಾಕಿದ ಕೈಪಂಪುಗಳಲ್ಲಿ ಯಾವುದೇ ಹೊತ್ತಿನಲ್ಲಿ ನೋಡಿದರೂ ಸುಮಾರು ಮೂರರಲ್ಲೊಂದು ಕೆಟ್ಟು ನಿಂತಿರುತ್ತದೆಂದು ೨೦೦೯ರ ಒಂದು ಅಂದಾಜು ತಿಳಿಸಿತು. ಪಂಪನ್ನು ಕೊಡುವವರು ದೊರೆತರು. ಅದರ ವಾಷರನ್ನು ಬದಲಿಸುವವರು ದೊರೆಯಲಿಲ್ಲ. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ ೧೯೯೦ರ ದಶಕದಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮದವರು ಹಳ್ಳಿಯ ಹೆಂಗಸರಿಗೇ, ಅದರಲ್ಲೂ ಅಕ್ಷರ ಬಾರದ ದಲಿತ ಹೆಂಗಸರಿಗೇ, ಪಾನಾ ಹಿಡಿದು ಪಂಪು ಬಿಚ್ಚಿ ಜೋಡಿಸುವುದನ್ನು ಕಲಿಸಿದರು. ನೀರು ನಿಂತರೆ ಯಾರ ತಲೆಯ ಮೇಲೆ ಭಾರ ಬೀಳುವುದೋ ಅವರ ಕೈಗೇ ಪಾನಾ ಕೊಡುವುದು ವಿವೇಕದ ಕೆಲಸವೆಂದು ನನಗೆ ತೋರುತ್ತದೆ.

ಹಾಗಾದರೆ ರಸ್ತೆ ಬೇಡವೇ? ಬೇಕು. ೨೦೦೨ರಲ್ಲಿ ಡಾಕ್ಟರ್ ನಂಜುಂಡಪ್ಪನವರ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಚಿಂಚೋಳಿಯನ್ನು ಸೇರಿಸಿತು. ನಮಗೆ ಬೇಡವೆನ್ನುವಷ್ಟು ಯಾವುದೂ ಇಲ್ಲ. ಆದರೆ ನನ್ನ ಚರ್ಚಾಭಾಷಣದಲ್ಲಿದ್ದ ದೋಷ ಈಗ ತಿಳಿಯಿತು. ರಸ್ತೆಯಲ್ಲಿ ನಡೆದು ಹೊರಗೆ ಹೋಗಲು ಮನುಷ್ಯನಿಗೆ ಬಿಡುವು ಬೇಕು. ಊರಿಗೆ ಬಸ್ಸು ಬಂದಾಗ ಹತ್ತಿದವನು ನಾನು. ಅಕ್ಕ ಆ ಹೊತ್ತಿಗೆ ಬಾವಿಯಲ್ಲಿದ್ದಳು. ನೀರಿಲ್ಲದ ಊರಿನಲ್ಲಿ ರಸ್ತೆ ಗಂಡಸರ ಸೊತ್ತಾಗುತ್ತದೆ, ಶಾಲೆ ಗಂಡುಮಕ್ಕಳ ಸೊತ್ತಾಗುತ್ತದೆ. ೧೯೯೧ರಲ್ಲಿಯೇ ನಮ್ಮ ಸರ್ವೋಚ್ಚ ನ್ಯಾಯಾಲಯ ಸಂವಿಧಾನದ ೨೧ನೆಯ ವಿಧಿಯ ಬದುಕುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರಿನ ಹಕ್ಕೂ ಅಡಕವಾಗಿದೆಯೆಂದು ಹೇಳಿತು. ೨೦೧೦ರ ಜುಲೈ ೨೮ರಂದು ವಿಶ್ವಸಂಸ್ಥೆಯ ಮಹಾಸಭೆಯೂ ಶುದ್ಧ ನೀರನ್ನು ಮಾನವನ ಹಕ್ಕೆಂದು ಒಪ್ಪಿತು. ಹಕ್ಕೆಂದ ಮೇಲೆ ಅದು ಸರದಿಯಲ್ಲಿ ರಸ್ತೆಯ ಹಿಂದೆ ನಿಲ್ಲಬೇಕಾದ ಕಾರಣವಿಲ್ಲ.

ಕೊನೆಗೆ ನಮ್ಮ ಕಾಲೇಜಿಗೆ ಸಂಬಂಧಿಸಿದ ಮಾತು. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಕ್ಕೆ ನಾವು ನಲವತ್ತು ಜನ ಒಂದು ಹಳ್ಳಿಗೆ ಹೋಗಿದ್ದೆವು. ಬೀದಿ ಗುಡಿಸಿದೆವು, ಶಾಲೆಯ ಗೋಡೆಗೆ ಸುಣ್ಣ ಬಳಿದೆವು, "ಜಲವೇ ಜೀವನ" ಎಂದು ನೀಲಿ ಅಕ್ಷರದಲ್ಲಿ ಬರೆದೆವು. ನಲವತ್ತು ಜನರಿಗೆ ಸ್ನಾನಕ್ಕೂ ಅಡಿಗೆಗೂ ನೀರು ಬೇಕಲ್ಲವೇ? ದಿನಕ್ಕೊಂದು ಟ್ಯಾಂಕರು ಬರುವಂತೆ ಏರ್ಪಾಡಾಗಿತ್ತು. ನಮ್ಮ ಬಳಕೆ ಮುಗಿದ ಮೇಲೆ ಉಳಿದ ನೀರನ್ನು ಊರ ಹೆಂಗಸರು ಹಿಡಿದುಕೊಳ್ಳುತ್ತಿದ್ದರು. ಸಮಾರೋಪದ ಸಂಜೆ, ಭಾಷಣಗಳೆಲ್ಲ ಮುಗಿದ ಮೇಲೆ, ಒಬ್ಬ ಮುದುಕಿ ನನ್ನ ಬಳಿ ಬಂದು, "ನಾಳಿನೂ ಗಾಡಿ ಬರ್ತದೇನಪ್ಪಾ?" ಎಂದು ಕೇಳಿದಳು. ಇಲ್ಲವೆಂದೆ. ಅವಳು ಕೋಪಿಸಿಕೊಳ್ಳಲಿಲ್ಲ. "ಇನ್ನೆರಡ್ ದಿನ ಇರ್ರಲ್ಲ" ಎಂದಳು. ನಾವು ಮಾಡಿದ ಸೇವೆಯಲ್ಲಿ ಅವಳಿಗೆ ಬೇಕಾಗಿದ್ದುದು ನಮ್ಮ ಸ್ನಾನದ ನೀರು ಮಾತ್ರ.

ಆದುದರಿಂದ ನನ್ನ ವಿನಂತಿಗಳು ಮೂರು. ಮೊದಲನೆಯದು, ಮುಂದಿನ ಶಿಬಿರದಲ್ಲಿ ನಾವು ಪೊರಕೆಯ ಜೊತೆಗೆ ನೀರು ಪರೀಕ್ಷಿಸುವ ಪೆಟ್ಟಿಗೆಯನ್ನೂ ಒಯ್ಯೋಣ. ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ಇದನ್ನು ಕಲಿಸಬೇಕೆಂದು ಜಲ ಜೀವನ ಮಿಷನ್ನಿನ ನಿಯಮವೇ ಇದೆ. ಅವರೊಡನೆ ಕುಳಿತು ಊರಿನ ಪ್ರತಿ ಬಾವಿ, ಬೋರಿಂಗು, ವರತಿಯ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯೋಣ. ಘೋಷಣೆಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂದೀತು. ಎರಡನೆಯದು, ಊರಿನಲ್ಲಿ ನಳಗಳೆಷ್ಟು ಎಂದು ಎಣಿಸುವ ಬದಲು ತಿಂಗಳಿನಲ್ಲಿ ಎಷ್ಟು ದಿನ ನೀರು ಬಂತೆಂದು ಎಣಿಸಿ ಪಂಚಾಯಿತಿಯ ಫಲಕದಲ್ಲಿ ಬರೆಯುವಂತೆ ಕೇಳೋಣ. ನೀರು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ನಿಯಮವಿದೆ. ಅವರ ಹೆಸರು ಕಾಗದದಲ್ಲಿದ್ದು ಸಭೆಗೆ ಅವರ ಗಂಡಂದಿರು ಬರುವ ಪದ್ಧತಿಯನ್ನು ನಾವು ಓದಿದವರಾದರೂ ನಮ್ಮ ಮನೆಗಳಲ್ಲಿ ನಿಲ್ಲಿಸೋಣ. ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ. ರಜೆಗೆ ಊರಿಗೆ ಹೋದ ಹುಡುಗರು ಕೊಡ ಹೊರಬೇಕು.

ನಾನು ಹೊತ್ತೆ. ಲೆಕ್ಕ ಬರೆದ ಮರುದಿನ ಅಕ್ಕನ ಕೈಯಿಂದ ಕೊಡ ಕಸಿದುಕೊಂಡು ತಗ್ಗಿಗಿಳಿದೆ. ಬಾವಿಯಲ್ಲಿದ್ದ ಹೆಂಗಸರು ನಕ್ಕರು, ದಾರಿಯಲ್ಲಿದ್ದ ಗಂಡಸರು ಇನ್ನೂ ಹೆಚ್ಚು ನಕ್ಕರು. ಏರು ಹತ್ತುವಾಗ ಕುತ್ತಿಗೆ ಸೆಟೆದು, ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಇಪ್ಪತ್ತಾರು ನಿಮಿಷದ ದಾರಿಗೆ ನಲವತ್ತು ನಿಮಿಷ ಹಿಡಿಯಿತು. ಮೂರು ಸಲ ಹೊತ್ತು ನಾಲ್ಕನೆಯದಕ್ಕೆ ಕುಳಿತುಬಿಟ್ಟೆ.

ಅಕ್ಕನ ಮಗಳಿಗೆ ಈಗ ಎಂಟು ವರ್ಷ, ಮೂರನೆಯ ತರಗತಿ. ನಾನು ಸುಸ್ತಾಗಿ ಕುಳಿತಾಗ ಅವಳು ಒಳಗಿನಿಂದ ಒಂದು ಸಣ್ಣ ಬಿಂದಿಗೆಯನ್ನೂ ಒಂದು ಸಿಂಬೆಯನ್ನೂ ತಂದಳು. ಸಿಂಬೆ ಅವಳ ಅಳತೆಗೇ ಮಾಡಿದ್ದು. "ಮಾಮಾ, ನೀ ಕುಂದ್ರು, ನಾ ತರ್ತೀನಿ" ಎಂದಳು. ಅವಳಿಗೆ ಅದನ್ನು ಯಾರು ಮಾಡಿಕೊಟ್ಟರೆಂದು ಅಕ್ಕನನ್ನು ಕೇಳಿದೆ. ಅಕ್ಕ ಉತ್ತರ ಹೇಳದೆ ಬಟ್ಟೆ ಮಡಚುತ್ತಿದ್ದಳು. ನಾನು ಎದ್ದು ನಾಲ್ಕನೆಯ ಕೊಡಕ್ಕೆ ಹೋದೆ.

ಆ ಹುಡುಗಿ ಏಳನೆಯ ತರಗತಿಗೆ ಬರಲು ಇನ್ನು ನಾಲ್ಕು ವರ್ಷವಿದೆ. ಸುಟ್ಟ ಮೋಟಾರನ್ನು ಸರಿಮಾಡಲು, ಗುಡ್ಡದ ಬುಡದ ವರತಿಗೆ ಕಟ್ಟೆ ಕಟ್ಟಿ ಆ ನೀರನ್ನು ಮೇಲಕ್ಕೇರಿಸಲು, ಊರಿನ ಹೆಂಗಸರ ಕೈಗೆ ಪಾನಾ ಕೊಡಲು ನಾಲ್ಕು ವರ್ಷ ಸಾಲದೇ? ಮುಂದಿನ ಚರ್ಚಾಕೂಟಕ್ಕೆ ವಿಷಯವನ್ನು ಆರಿಸುವ ಗುರುಗಳು ಈ ಪ್ರಶ್ನೆಯನ್ನೇ ಇಡಬೇಕೆಂದೂ, ಶಿಬಿರವನ್ನು ಕುಂಚಾವರಂ ಕಡೆಯ ಹಳ್ಳಿಯೊಂದರಲ್ಲಿ ಏಪ್ರಿಲ್ ತಿಂಗಳಿನಲ್ಲಿ, ಟ್ಯಾಂಕರಿಲ್ಲದೆ ನಡೆಸಬೇಕೆಂದೂ ವಿನಯದಿಂದ ಪ್ರಾರ್ಥಿಸುತ್ತೇನೆ.